ವಿದ್ಯುತ್ತನ್ನು ಕೂಡಿಟ್ಟ ಗ್ಯಾಸ್ಟನ್ ಪ್ಲಾಂಟೆ

ಮಂಗಳೂರಿನ ಬಳಿಯ ಬಜಪೆ ವಿಮಾನ ನಿಲ್ದಾಣದಿಂದ ಹೆಸರಾದ ಊರು. 1951ರಲ್ಲಿ ಆರಂಭವಾದ ಈ ನಿಲ್ದಾಣದ ಮೂಲಕ ದುಡಿಮೆಗಾಗಿ ಪರದೇಶಗಳಿಗೆ ಹೋಗಿಬರುವವರು ಅನೇಕರು. ಅವರು ಊರಿಗೆ ಬಂದಾಗ ಬಳಸಿದ ಕಾರು, ಅವರು ಮರಳಿದ ಮೇಲೆ ಮಳೆಗಾಲವಿಡೀ ಮಾಡಿನ ಅಡಿಯಲ್ಲಿ ನಿಂತೇ ಇರುತ್ತದೆ. ತಿಂಗಳುಗಳ ನಂತರ ಕೀಲಿ ತಿರುಗಿಸಿದರೆ ಎಂಜಿನ್ ಅಲುಗುವುದಿಲ್ಲ. ಚಳಿ ದೇಶಗಳಲ್ಲಿ ಹಿಮಗಾಲ ಕಳೆಯುವವರೆಗೆ ಕಾರನ್ನು ಮುಚ್ಚಿಡುವವರ ಅನುಭವವೂ ಇದೇ. ಏನೂ ಕೆಲಸ ಮಾಡದೆ ನಿಂತ ಬ್ಯಾಟರಿ ಬರಿದಾಗುವುದೇಕೆ? ಇದರ ಉತ್ತರ ಆ ಬ್ಯಾಟರಿಯನ್ನು ಕಂಡುಹಿಡಿದ ಗ್ಯಾಸ್ಟನ್ ಪ್ಲಾಂಟೆಯ ಬಾಳಿನೊಡನೆ ಹೆಣೆದುಕೊಂಡಿದೆ.

ಪ್ಲಾಂಟೆ 1834ರ ಏಪ್ರಿಲ್ 22ರಂದು ಫ್ರಾನ್ಸಿನ ಓರ್ತೆಜ್ ಎಂಬ ಊರಿನಲ್ಲಿ ಜನಿಸಿದನು. ಇಪ್ಪತ್ತನೆಯ ವಯಸ್ಸಿಗೆ ಪ್ಯಾರಿಸಿನ ಹೆಸರಾಂತ ಕಲಾಕೌಶಲ ವಿದ್ಯಾಲಯದಲ್ಲಿ ಭೌತಶಾಸ್ತ್ರದ ಸಹಾಯಕನಾಗಿ ಸೇರಿದನು. ಅವನ ಕುತೂಹಲಕ್ಕೆ ಮೇರೆಯಿರಲಿಲ್ಲ. 1855ರಲ್ಲಿ ಪ್ಯಾರಿಸಿನ ಹತ್ತಿರದ ಮ್ಯೂಡಾನಿನಲ್ಲಿ, ಹಾರಲಾರದ ದೈತ್ಯಪಕ್ಷಿಯೊಂದರ ಶಿಲೀಭೂತ ಮೂಳೆಗಳನ್ನು ಅವನು ಕಂಡನು. ವಿದ್ವಾಂಸರು ಆ ಪಕ್ಷಿಗೆ ಅವನ ಹೆಸರನ್ನೇ ಸೇರಿಸಿ ಗ್ಯಾಸ್ಟೋರ್ನಿಸ್ ಎಂದು ಕರೆದರು. ಆದರೆ ಅವನ ಮನಸ್ಸನ್ನು ಸೆರೆಹಿಡಿದದ್ದು ವಿದ್ಯುಚ್ಛಕ್ತಿ.

1800ರಲ್ಲಿ ಇಟಲಿಯ ವೋಲ್ಟಾ ವಿದ್ಯುತ್ಕೋಶವನ್ನು ರಚಿಸಿದ್ದನು. ಆ ಬಗೆಯ ಕೋಶಗಳಲ್ಲಿ ಲೋಹ ಸವೆದು ಮುಗಿದರೆ ಶಕ್ತಿಯೂ ಮುಗಿಯುತ್ತಿತ್ತು. ಇನ್ನೊಂದು ವಿಚಿತ್ರವೂ ಕಂಡುಬಂದಿತ್ತು. ಆಮ್ಲದಲ್ಲಿ ಮುಳುಗಿದ ಎರಡು ಲೋಹದ ತಗಡುಗಳ ಮೂಲಕ ವಿದ್ಯುತ್ತನ್ನು ಹರಿಸಿ ನಿಲ್ಲಿಸಿದರೆ, ಅಲ್ಪಕಾಲ ಹಿಮ್ಮುಖವಾದ ವಿದ್ಯುತ್ ಪ್ರವಾಹ ಹೊರಡುತ್ತಿತ್ತು. ಕೋಶದ ಬಲವನ್ನು ಕುಂದಿಸುವ ಇದನ್ನು ದೋಷವೆಂದೇ ಬಗೆಯಲಾಗಿತ್ತು. ಪ್ಲಾಂಟೆ ಈ ದೋಷವನ್ನೇ ಅಭ್ಯಾಸಕ್ಕೆ ಎತ್ತಿಕೊಂಡನು. ಹಲವು ಲೋಹಗಳನ್ನು ಒಂದೊಂದಾಗಿ ಪರೀಕ್ಷಿಸಿದನು. ಅವುಗಳಲ್ಲಿ ಸೀಸವೇ ಅತ್ಯಂತ ಪ್ರಬಲವಾದ ಹಿಮ್ಮುಖ ಪ್ರವಾಹವನ್ನು ಕೊಟ್ಟಿತು.

1859ರಲ್ಲಿ ಅವನು ಎರಡು ಸೀಸದ ತಗಡುಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿಯಾಗಿ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿಟ್ಟನು. ಬರಿದಾದ ಮೇಲೆ ಮತ್ತೆ ತುಂಬಬಹುದಾದ ವಿದ್ಯುತ್ಕೋಶ ಹೀಗೆ ರೂಪುಗೊಂಡಿತು. ಮರುವರ್ಷ ಒಂಬತ್ತು ಕೋಶಗಳ ಬ್ಯಾಟರಿಯನ್ನು ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟನು.

ಆದರೆ ಅದನ್ನು ಬಳಸುವ ಬಗೆ ಹೇಗೆ? ಅಂದು ಕೋಶವನ್ನು ತುಂಬಲು ಯೋಗ್ಯವಾದ ಡೈನಮೊ ಇರಲಿಲ್ಲ. ಹಳೆಯ ಬಗೆಯ ಕೋಶಗಳನ್ನು ಸವೆಸಿಯೇ ಹೊಸದನ್ನು ತುಂಬಬೇಕಿತ್ತು. ಹೊಸ ಸೀಸಕ್ಕೆ ಹೆಚ್ಚು ವಿದ್ಯುತ್ತನ್ನು ಹಿಡಿದಿಡುವ ಶಕ್ತಿಯೂ ಇರಲಿಲ್ಲ. ಪ್ಲಾಂಟೆ ಎದೆಗುಂದಲಿಲ್ಲ. ತುಂಬುವುದು, ಬರಿದು ಮಾಡುವುದು, ದಿಕ್ಕು ಬದಲಿಸಿ ಮತ್ತೆ ತುಂಬುವುದು, ನಡುನಡುವೆ ಕೆಲವು ದಿನ, ಕೆಲವು ವಾರ ವಿರಾಮ ಕೊಡುವುದು. ಹೀಗೆ ತಿಂಗಳುಗಟ್ಟಲೆ ಸೀಸವನ್ನು ಪಳಗಿಸಿದನು. ವಿರಾಮಕಾಲದಲ್ಲಿ ತಗಡಿನ ಮೇಲೆ ಸೀಸದ ಸಲ್ಫೇಟ್ ಹುಟ್ಟುತ್ತಿತ್ತು. ಮತ್ತೆ ತುಂಬಿದಾಗ ಅದೇ ಸಲ್ಫೇಟ್ ಮಾರ್ಪಟ್ಟು ತಗಡಿನ ಶಕ್ತಿ ವರ್ಧಿಸುತ್ತಿತ್ತು. ಎರಡು ದಶಕಗಳ ಈ ಸಾಧನೆಯನ್ನು 1879ರಲ್ಲಿ ಗ್ರಂಥವಾಗಿ ಪ್ರಕಟಿಸಿದನು.

ಅಷ್ಟರಲ್ಲಿ ಕಾಲವೂ ಅವನ ಕಡೆಗೆ ತಿರುಗಿತ್ತು. 1871ರಲ್ಲಿ ಗ್ರಾಮ್ ಎಂಬಾತ ಸಮರ್ಥವಾದ ಡೈನಮೊವನ್ನು ಪ್ಯಾರಿಸಿನಲ್ಲಿ ಪ್ರದರ್ಶಿಸಿದ್ದನು. 1881ರ ಸುಮಾರಿಗೆ ಕಮಿಲ್ ಫೋರ್ ಎಂಬವನು ತಗಡಿಗೆ ಸೀಸದ ಆಕ್ಸೈಡಿನ ಸರಿಯನ್ನು ಬಳಿದು, ಪಳಗಿಸುವ ಕಾಲವನ್ನು ಬಹಳ ಮೊಟಕುಗೊಳಿಸಿದನು. 1889ರ ಮೇ 21ರಂದು ಪ್ಲಾಂಟೆ ಮ್ಯೂಡಾನಿನಲ್ಲಿಯೇ ನಿಧನನಾದನು. ಕಾರಿನ ಎಂಜಿನನ್ನು ಬ್ಯಾಟರಿಯಿಂದ ಚಾಲೂ ಮಾಡುವ ಏರ್ಪಾಡು ಕ್ಯಾಡಿಲಾಕ್ ಕಾರುಗಳಲ್ಲಿ ಬಂದದ್ದು 1912ರಲ್ಲಿ. ಅದನ್ನು ಕಾಣುವ ಯೋಗ ಅವನಿಗಿರಲಿಲ್ಲ.

ಇಂದಿನ ಕಾರಿನ ಸೀಸದ ಬ್ಯಾಟರಿಯಲ್ಲಿಯೂ ಪ್ಲಾಂಟೆ ಕಂಡ ತತ್ತ್ವವೇ ಕೆಲಸ ಮಾಡುತ್ತದೆ. ಆರು ಕೋಶಗಳು ಕೂಡಿ ಅದು ಸುಮಾರು 12 ವೋಲ್ಟ್ ಒದಗಿಸುತ್ತದೆ. ಕಾರು ನಿಂತಿದ್ದರೂ ಫಲಕಗಳೂ ಆಮ್ಲವೂ ಸುಮ್ಮನಿರುವುದಿಲ್ಲ. ಒಳಗಿನ ಶಕ್ತಿ ಮೆಲ್ಲಮೆಲ್ಲನೆ ಕರಗುತ್ತದೆ. ಕಾರಿನ ಗಡಿಯಾರದಂತಹ ಉಪಕರಣಗಳೂ ಸ್ವಲ್ಪ ಹೀರುತ್ತವೆ. ಕರಾವಳಿಯ ಸೆಕೆಯಲ್ಲಿ ಒಳಗಿನ ಸೋರಿಕೆ ಹೆಚ್ಚು. ಚಳಿಯಲ್ಲಿ ಅದು ಕಡಮೆಯಾದರೂ, ಬರಿದಾದ ಬ್ಯಾಟರಿಯ ಆಮ್ಲ ನೀರಿನಂತೆ ತೆಳುವಾಗುವುದರಿಂದ ಹೆಪ್ಪುಗಟ್ಟಿ ಪೆಟ್ಟಿಗೆಯನ್ನೇ ಒಡೆಯಬಹುದು. ಬಹುಕಾಲ ತುಂಬದೆ ಬಿಟ್ಟರೆ ಸೀಸದ ಸಲ್ಫೇಟ್ ಗಟ್ಟಿ ಹರಳುಗಳಾಗಿ, ಮತ್ತೆ ತುಂಬಿದರೂ ಕರಗುವುದಿಲ್ಲ. ಆದುದರಿಂದ ಕಾರನ್ನು ನಿಲ್ಲಿಸುವ ಮುನ್ನ ಬ್ಯಾಟರಿಯನ್ನು ಪೂರ್ಣವಾಗಿ ಚಾರ್ಜ್ ಮಾಡಿ, ಋಣ ತುದಿಯ ತಂತಿಯನ್ನು ಬಿಚ್ಚಿಡಬೇಕು. ತಿಂಗಳಿಗೊಮ್ಮೆ ಪರೀಕ್ಷಿಸಿ ಮತ್ತೆ ತುಂಬಬೇಕು. ಐದು ನಿಮಿಷ ಎಂಜಿನ್ ಓಡಿಸಿದರೆ ಸಾಲದು.

ವಿರಾಮದ ಬಳಿಕ ಮರಳಿ ತುಂಬಿದಾಗ ಪ್ಲಾಂಟೆಯ ಸೀಸ ಬಲಗೊಂಡಿತು. ತುಂಬದೆ ಮರೆತಾಗ ಅದೇ ಸೀಸ ನಿರುಪಯೋಗಿಯಾಗುತ್ತದೆ. ಕೂಡಿಟ್ಟ ಶಕ್ತಿಗೂ ಆರೈಕೆ ಬೇಕು. ಕಲಿತ ವಿದ್ಯೆಗೂ ಈ ಮಾತು ಸಲ್ಲುತ್ತದೆ.