ಕೆರೆಯಂಗಳದ ಕೆಳಗೆ ಮೆಜೆಸ್ಟಿಕ್

ಮಕ್ಕಳೇ, ರಜೆಗೆ ಬೆಂಗಳೂರಿಗೆ ಹೋಗಿ ಮೆಟ್ರೋ ಹತ್ತಿದರೆ ಒಂದಲ್ಲ ಒಂದು ದಿನ ನೀವು ಮೆಜೆಸ್ಟಿಕ್‌ನಲ್ಲಿ ಇಳಿಯಲೇಬೇಕು. ನಿಲ್ದಾಣದ ಪೂರ್ತಿ ಹೆಸರು ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್. ಅದರಲ್ಲಿ ಮೆಜೆಸ್ಟಿಕ್ ಅನ್ನುವುದು ಹಿಂದೆ ಅಲ್ಲಿದ್ದ ಒಂದು ಸಿನಿಮಾ ಟಾಕೀಸಿನ ಹೆಸರು. ಟಾಕೀಸು ಈಗಿಲ್ಲ. ಕೆಂಪೇಗೌಡರು ಬೆಂಗಳೂರನ್ನು ಕಟ್ಟಿದವರು. ಈ ಜಾಗಕ್ಕೆ ಅವರ ಹೆಸರಿಟ್ಟದ್ದಕ್ಕೆ ಗಟ್ಟಿಯಾದ ಕಾರಣವಿದೆ.

1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿ, ಅದರೊಳಗೆ ಪೇಟೆ ಬೆಳೆಸಿದರು ಎಂದು ಇತಿಹಾಸ ಹೇಳುತ್ತದೆ. ಬೆಂಗಳೂರಿನಲ್ಲಿ ದೊಡ್ಡ ನದಿಯಿಲ್ಲ. ಜನಕ್ಕೂ ದನಕ್ಕೂ ನೀರು ಬೇಕೆಂದರೆ ಮಳೆ ನೀರನ್ನು ಕಟ್ಟೆ ಹಾಕಿ ನಿಲ್ಲಿಸಬೇಕಿತ್ತು. ಪೇಟೆಯ ವಾಯವ್ಯಕ್ಕೆ ಹಾಗೆ ಕಟ್ಟಿದ ಕೆರೆಯೇ ಧರ್ಮಾಂಬುಧಿ. ಮುನ್ನೂರಕ್ಕೂ ಹೆಚ್ಚು ವರ್ಷ ಪೇಟೆಯ ಜನ ಅದರ ನೀರನ್ನು ಬಳಸಿದರು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬರತೊಡಗಿದ ಮೇಲೆ ಊರೊಳಗಿನ ಕೆರೆಗಳನ್ನು ಕೇಳುವವರಿಲ್ಲವಾಯಿತು. ಧರ್ಮಾಂಬುಧಿ ಬತ್ತಿತು, ಅದರ ಅಂಗಳ ಮೈದಾನವಾಯಿತು, ಮೈದಾನದ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂತು. ಒಂದು ಊರು ತನಗೆ ನೀರುಣಿಸಿದ ಕೆರೆಯನ್ನು ಇಷ್ಟು ಸುಲಭವಾಗಿ ಬಿಟ್ಟುಕೊಡಬಾರದಿತ್ತು. ನನಗೆ ಇವತ್ತಿಗೂ ಅದರ ಬಗ್ಗೆ ನೋವಿದೆ. ಆದರೆ ಆ ಅಂಗಳಕ್ಕೆ ಜನ ಬರುವುದು ಮಾತ್ರ ನಿಲ್ಲಲಿಲ್ಲ. ಹಳ್ಳಿಯಿಂದ ಓದಲು, ದುಡಿಯಲು ಬೆಂಗಳೂರಿಗೆ ಬಂದ ಎಷ್ಟೋ ಜನ ಮೊದಲು ಕಾಲಿಟ್ಟದ್ದು ಮೆಜೆಸ್ಟಿಕ್‌ನಲ್ಲೇ. ನಿಮ್ಮ ಅಪ್ಪ ಅಮ್ಮ, ತಾತ ಅಜ್ಜಿಯನ್ನು ಕೇಳಿ ನೋಡಿ, ಅವರ ಹತ್ತಿರವೂ ಒಂದು ಮೆಜೆಸ್ಟಿಕ್ ಕತೆ ಇರುತ್ತದೆ.

ಈ ಬಸ್ ನಿಲ್ದಾಣದ ಪಕ್ಕದಲ್ಲೇ ಮೆಟ್ರೋ ನಿಲ್ದಾಣವನ್ನು ನೆಲದೊಳಗೆ ಕಟ್ಟಿದರು. ಮೇಲಿಂದಲೇ ಭಾರಿ ಹೊಂಡ ತೋಡಿ, ಗೋಡೆ, ಅಂತಸ್ತುಗಳನ್ನು ಎಬ್ಬಿಸಿ, ಆಮೇಲೆ ಮುಚ್ಚಿದರು. ನಿಲ್ದಾಣಕ್ಕೆ ಬಂದು ಸೇರುವ ಸುರಂಗಗಳನ್ನು ಹಾಗೆ ಅಗೆಯಲು ಬರುವುದಿಲ್ಲ, ಏಕೆಂದರೆ ಮೇಲೆ ಮನೆ, ಅಂಗಡಿ, ರಸ್ತೆಗಳಿವೆ. ಅದಕ್ಕೆಂದೇ ಸುರಂಗ ಕೊರೆಯುವ ಯಂತ್ರಗಳನ್ನು ತಂದರು. ಅವುಗಳಿಗೆ ಹೆಸರೂ ಇತ್ತು: ಹೆಲೆನ್, ಮಾರ್ಗರಿಟಾ, ಕಾವೇರಿ, ಕೃಷ್ಣಾ, ಗೋದಾವರಿ. ಯಂತ್ರದ ಮುಂಭಾಗದ ದೊಡ್ಡ ಚಕ್ರ ತಿರುಗುತ್ತಾ ನೆಲವನ್ನು ಕೊರೆಯುತ್ತದೆ. ಹಿಂದೆಯೇ ಕಾಂಕ್ರೀಟಿನ ತುಂಡುಗಳನ್ನು ಬಳೆಯಂತೆ ಜೋಡಿಸುತ್ತಾ ಸುರಂಗದ ಗೋಡೆ ಕಟ್ಟುತ್ತಾರೆ. ಬೆಂಗಳೂರಿನ ನೆಲ ಮಾತ್ರ ಸುಲಭಕ್ಕೆ ಮಣಿಯುವಂಥದ್ದಲ್ಲ. ಸ್ವಲ್ಪ ದೂರ ಮೆತ್ತನೆಯ ಮಣ್ಣು, ಅದರ ನಡುವೆಯೇ ಗಟ್ಟಿ ಗ್ರಾನೈಟ್ ಬಂಡೆ. ಯಂತ್ರದ ಹಲ್ಲುಗಳು ಸವೆದವು, ಕೆಲಸ ತಡವಾಯಿತು. ಕೊನೆಗೆ 2016ರ ಏಪ್ರಿಲ್ ಕೊನೆಯಲ್ಲಿ ನೇರಳೆ ಮಾರ್ಗದ ರೈಲು ಇಲ್ಲಿಗೆ ಬಂತು. 2017ರ ಜೂನ್‌ನಲ್ಲಿ ಹಸಿರು ಮಾರ್ಗವೂ ಸೇರಿತು.

ಈಗ ಒಳಗೆ ಇಳಿಯೋಣ. ರಸ್ತೆಯಿಂದ ಮೆಟ್ಟಿಲಿಳಿದರೆ ಮೊದಲು ಬ್ಯಾಗು ತಪಾಸಣೆ, ಆಮೇಲೆ ಟಿಕೆಟ್ ಕೌಂಟರು. ಅಲ್ಲಿ ಕೊಡುವ ಟೋಕನ್ನು ನಾಣ್ಯದಷ್ಟೇ ಇರುತ್ತದೆ. ಅದನ್ನು ಗೇಟಿಗೆ ಮುಟ್ಟಿಸಿದರೆ ಬಾಗಿಲು ತೆರೆಯುತ್ತದೆ. ಇಳಿಯುವ ನಿಲ್ದಾಣದಲ್ಲಿ ಗೇಟಿನ ಸೀಳಿಗೆ ಹಾಕಿ ಹೊರಗೆ ಬರಬೇಕು, ನೆನಪಿಗೆ ಇಟ್ಟುಕೊಳ್ಳಲು ಆಗುವುದಿಲ್ಲ. ಗೇಟು ದಾಟಿ ಇನ್ನೂ ಕೆಳಗಿಳಿದರೆ ನೇರಳೆ ಮಾರ್ಗದ ಪ್ಲಾಟ್‌ಫಾರಂ. ಪೂರ್ವಕ್ಕೆ ವೈಟ್‌ಫೀಲ್ಡ್, ಪಶ್ಚಿಮಕ್ಕೆ ಚಲ್ಲಘಟ್ಟ. ಅದಕ್ಕೂ ಕೆಳಗೆ ಹಸಿರು ಮಾರ್ಗ. ಉತ್ತರಕ್ಕೆ ಮಾದಾವರ, ದಕ್ಷಿಣಕ್ಕೆ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆ. ಎರಡು ಮಾರ್ಗಗಳು ಅಡ್ಡ ಹಾಯುವುದರಿಂದ ಒಂದರ ಕೆಳಗೆ ಒಂದು ಇರಲೇಬೇಕು, ನಿಲ್ದಾಣ ಇಷ್ಟು ಆಳವಾಗಿರುವುದು ಅದಕ್ಕೇ. ಒಂದರಿಂದ ಇನ್ನೊಂದಕ್ಕೆ ಹೋಗಲು ಗೇಟಿನಿಂದ ಹೊರಗೆ ಬರಬೇಕಾಗಿಲ್ಲ, ಎಸ್ಕಲೇಟರ್ ಹಿಡಿದರೆ ಸಾಕು. ಹಳಿಯ ಪಕ್ಕದಲ್ಲಿ ಇನ್ನೊಂದು ಹಳಿ ಕಾಣುತ್ತದಲ್ಲ, ಅದರಲ್ಲಿ 750 ವೋಲ್ಟ್ ವಿದ್ಯುತ್ ಹರಿಯುತ್ತದೆ. ರೈಲು ಓಡುವುದು ಅದರಿಂದಲೇ, ತಲೆಯ ಮೇಲೆ ತಂತಿಯಿಲ್ಲ. ಹಾಗಾಗಿ ಹಳದಿ ಗೆರೆಯ ಹಿಂದೆಯೇ ನಿಲ್ಲಿ.

ಒಂದು ವಿಷಯ ದೊಡ್ಡವರಿಗೂ ಗೊಂದಲವಾಗುತ್ತದೆ. ಮೈಸೂರಿಗೋ ಹುಬ್ಬಳ್ಳಿಗೋ ರೈಲು ಹಿಡಿಯುವವರು ಮೆಜೆಸ್ಟಿಕ್‌ನಲ್ಲಿ ಇಳಿಯಬೇಕಾಗಿಲ್ಲ. ನೇರಳೆ ಮಾರ್ಗದಲ್ಲಿ ಪಶ್ಚಿಮದ ಮುಂದಿನ ನಿಲ್ದಾಣವೇ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದ ಬಾಗಿಲಿನಲ್ಲಿದೆ.

ಮೆಟ್ರೋ ರೈಲುಗಳಲ್ಲಿ ಹಲವು ವರ್ಷ ನಿಲ್ದಾಣಗಳ ಹೆಸರನ್ನು ಕನ್ನಡದಲ್ಲಿ ಹೇಳಿದ ದನಿ ಅಪರ್ಣಾ ಅವರದು. ಪುಟ್ಟಣ್ಣ ಕಣಗಾಲರ 'ಮಸಣದ ಹೂವು' ಚಿತ್ರದಲ್ಲಿ ನಟಿಸಿ, ಮುಂದೆ ನಿರೂಪಕಿಯಾಗಿ ಹೆಸರಾದವರು. 2024ರ ಜುಲೈ 11ರಂದು ತೀರಿಕೊಂಡರು. ಕನ್ನಡದ ಒಂದೊಂದು ಅಕ್ಷರವನ್ನೂ ಸ್ಪಷ್ಟವಾಗಿ, ಅವಸರವಿಲ್ಲದೆ ಹೇಗೆ ಹೇಳಬೇಕೆಂದು ಕಲಿಯುವ ಮಕ್ಕಳಿಗೆ ಅವರ ನಿರೂಪಣೆಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಹಸಿರು ಮಾರ್ಗದಲ್ಲಿ ದಕ್ಷಿಣಕ್ಕೆ ಹೊರಟರೆ ಮೊದಲ ನಿಲ್ದಾಣ ಚಿಕ್ಕಪೇಟೆ, ಎರಡನೆಯದು ಕೃಷ್ಣರಾಜೇಂದ್ರ ಮಾರುಕಟ್ಟೆ. ಈ ದಾರಿಯಲ್ಲಿ ನೀವು ಕೆಂಪೇಗೌಡರ ಹಳೇ ಪೇಟೆಯ ಅಡಿಯಲ್ಲೇ ಸಾಗುತ್ತೀರಿ. ಮೇಲಿನ ಬೀದಿಗಳು ತೀರಾ ಕಿರಿದು, ಕಂಬ ನಿಲ್ಲಿಸಿ ಮೇಲುಹಾದಿ ಮಾಡಲು ಜಾಗವೇ ಇಲ್ಲ. ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಚೌಕದಲ್ಲಿ ಕೆಂಪೇಗೌಡರು ನೇಗಿಲು ಕಟ್ಟಿದ ಎತ್ತುಗಳನ್ನು ನಾಲ್ಕು ದಿಕ್ಕಿಗೆ ಹೊಡೆಸಿ ಬೀದಿಗಳ ಗೆರೆ ಹಾಕಿಸಿದರೆಂಬ ಕತೆಯಿದೆ. ಆ ಚೌಕ ಇವತ್ತಿಗೂ ಇದೆ, ನಡೆದು ನೋಡಬಹುದು. ಈ ರಜೆಯಲ್ಲಿ ತಾತನನ್ನೋ ಅಜ್ಜಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ. ಮೆಜೆಸ್ಟಿಕ್ ಕೌಂಟರಿನಲ್ಲಿ ನೀವೇ ಮುಂದೆ ನಿಂತು ಕನ್ನಡದಲ್ಲೇ ಕೇಳಿ: "ಚಿಕ್ಕಪೇಟೆಗೆ ಎರಡು ಟೋಕನ್ ಕೊಡಿ."