ಗಂಡು ಹಾವುಮೀನಿನ ಬೆನ್ನು ಹತ್ತಿದ್ದ ಸಿಗ್ಮಂಡ್ ಫ್ರಾಯ್ಡ್

ಗಾಳಕ್ಕೆ ಬಿದ್ದ ಮೀನು ಗಂಡೋ ಹೆಣ್ಣೋ ಎಂದು ಕೇಳಿ ನೋಡಿ, ದಡದಲ್ಲಿ ಕೂತವರೆಲ್ಲರ ಬಳಿಯೂ ಒಂದು ಉತ್ತರ ಇರುತ್ತದೆ. ಹೊಟ್ಟೆ ಉಬ್ಬಿದ್ದರೆ ಹೆಣ್ಣು, ಮೈ ತೆಳ್ಳಗಿದ್ದರೆ ಗಂಡು ಎನ್ನುವುದು ಸಾಮಾನ್ಯ ನಂಬಿಕೆ. ಮೊಟ್ಟೆ ಇಡುವ ಕಾಲದಲ್ಲಿ ಹಲವು ಮೀನುಗಳ ಮಟ್ಟಿಗೆ ಇದು ನಿಜವೂ ಹೌದು. ನಮ್ಮ ಕೆರೆಗಳ ರೋಹು, ಕಾಟ್ಲಾ ಮಳೆಗಾಲದಲ್ಲಿ ಬಲಿತಾಗ ಗಂಡಿನ ಎದೆಯ ರೆಕ್ಕೆ ಮುಟ್ಟಿದರೆ ಒರಟಾಗಿರುತ್ತದೆ, ಹೆಣ್ಣಿನದು ನುಣುಪಾಗಿರುತ್ತದೆ. ಉಳಿದ ಕಾಲದಲ್ಲಿ ಈ ಗುರುತುಗಳು ಕೈಕೊಡುತ್ತವೆ. ಉಬ್ಬಿದ ಹೊಟ್ಟೆಯಲ್ಲಿ ಮೊಟ್ಟೆಯ ಬದಲು ಬರೀ ಊಟವೂ ಇರಬಹುದು!

ಒಂದು ಮೀನಂತೂ ಹೊಟ್ಟೆ ಸೀಳಿದರೂ ಗುಟ್ಟು ಬಿಟ್ಟುಕೊಡುತ್ತಿರಲಿಲ್ಲ. ಅದೇ ಯುರೋಪಿನ ಈಲ್, ಅಂದರೆ ಹಾವುಮೀನು. ಅದರ ಗಂಡನ್ನು ಹುಡುಕಲು ಹೊರಟವರಲ್ಲಿ ಒಬ್ಬರು ಮುಂದೆ ಕನಸುಗಳ ಅರ್ಥ ಹೇಳಿ ಜಗತ್ಪ್ರಸಿದ್ಧರಾದ ಸಿಗ್ಮಂಡ್ ಫ್ರಾಯ್ಡ್. ಅವರ ಬದುಕಿನ ಈ ಪುಟವನ್ನು ನಾವಿಲ್ಲಿ ತೆರೆದು ನೋಡೋಣ.

ಎರಡು ಸಾವಿರ ವರ್ಷಗಳ ಒಗಟು

ಹಾವುಮೀನಿನ ಹೊಟ್ಟೆಯಲ್ಲಿ ಮೊಟ್ಟೆಯನ್ನಾಗಲಿ ವೀರ್ಯವನ್ನಾಗಲಿ ಯಾರೂ ಕಂಡಿರಲಿಲ್ಲ. ಹಾಗಾಗಿ ಪ್ರಾಚೀನ ಗ್ರೀಸಿನ ಅರಿಸ್ಟಾಟಲ್ ಈ ಮೀನಿನಲ್ಲಿ ಗಂಡು ಹೆಣ್ಣೆಂಬುದೇ ಇಲ್ಲ, ಅದು ಕೆಸರಿನಿಂದ ಹುಟ್ಟುತ್ತದೆ ಎಂದು ತೀರ್ಮಾನಿಸಿದರು. ರೋಮಿನ ಪ್ಲಿನಿ ಪ್ರಕಾರ ಅದು ಬಂಡೆಗೆ ಮೈ ಉಜ್ಜಿದಾಗ ಉದುರುವ ಚೂರುಗಳೇ ಮರಿಗಳಾಗುತ್ತಿದ್ದವು. 1777ರಲ್ಲಿ ಇಟಲಿಯ ಕಾರ್ಲೋ ಮೊಂಡಿನಿ ಹಾವುಮೀನಿನ ಅಂಡಾಶಯವನ್ನು ಸರಿಯಾಗಿ ಗುರುತಿಸಿದರು. ಹೆಣ್ಣೇನೋ ಸಿಕ್ಕಿತು, ಗಂಡು ಎಲ್ಲಿ?

ಸುಮಾರು ನೂರು ವರ್ಷಗಳ ನಂತರ, 1874ರಲ್ಲಿ, ಟ್ರಿಯೆಸ್ಟ್ ಎಂಬ ಬಂದರು ನಗರದಲ್ಲಿದ್ದ ಶಿಮೊನ್ ಸಿರ್ಸ್ಕಿ ಎಂಬ ವಿಜ್ಞಾನಿ ಚಿಕ್ಕ ಹಾವುಮೀನುಗಳನ್ನು ಸೀಳಿ ನೋಡಿದರು. ಅವುಗಳಲ್ಲಿ ಕೆಲವಕ್ಕೆ ಅಂಡಾಶಯ ಇರಬೇಕಾದ ಜಾಗದಲ್ಲಿ ಸಾಲಾಗಿ ಹಾಲೆಗಳಿದ್ದ ಬೇರೊಂದು ಅಂಗ ಕಂಡಿತು. ಇದೇ ವೃಷಣ ಎಂದು ಅವರು ಹೇಳಿದರು. ಆದರೆ ಅದರಲ್ಲಿ ವೀರ್ಯಾಣು ಇರಲಿಲ್ಲ, ಅನುಮಾನ ಹಾಗೇ ಉಳಿಯಿತು.

ಇಪ್ಪತ್ತರ ಹುಡುಗ, ನಾನೂರು ಮೀನು

ಫ್ರಾಯ್ಡ್ ಹುಟ್ಟಿದ್ದು 1856ರ ಮೇ 6ರಂದು, ಈಗಿನ ಚೆಕ್ ಗಣರಾಜ್ಯದಲ್ಲಿರುವ ಫ್ರೈಬರ್ಗ್ ಎಂಬ ಸಣ್ಣ ಊರಿನಲ್ಲಿ. ತಂದೆ ಉಣ್ಣೆ ವ್ಯಾಪಾರಿ. ಹುಡುಗನಿಗೆ ನಾಲ್ಕು ವರ್ಷವಾಗುವ ಹೊತ್ತಿಗೆ ಸಂಸಾರ ವಿಯೆನ್ನಾಗೆ ಬಂದು ನೆಲೆಸಿತು. 1873ರಲ್ಲಿ, ಹದಿನೇಳರ ವಯಸ್ಸಿಗೆ, ಫ್ರಾಯ್ಡ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯಕ್ಕೆ ಸೇರಿದರು. ಅವರ ಮನಸ್ಸು ಮಾತ್ರ ರೋಗಿಗಳಿಗಿಂತ ಸಂಶೋಧನೆಯ ಕಡೆಗೇ ಹೆಚ್ಚು ಎಳೆಯುತ್ತಿತ್ತು.

ಅವರ ಪ್ರಾಣಿಶಾಸ್ತ್ರದ ಮೇಷ್ಟ್ರು ಕಾರ್ಲ್ ಕ್ಲಾಸ್. ಆಗ ಆಸ್ಟ್ರಿಯಾ-ಹಂಗೆರಿಗೆ ಸೇರಿದ್ದ ಟ್ರಿಯೆಸ್ಟ್‌ನಲ್ಲಿ ಅವರು ಕಡಲಜೀವಿಗಳ ಸಂಶೋಧನಾ ಕೇಂದ್ರ ನಡೆಸುತ್ತಿದ್ದರು. ಸಿರ್ಸ್ಕಿ ಹೇಳಿದ್ದು ಸರಿಯೇ ಎಂದು ಪರೀಕ್ಷಿಸಲು ಅವರು 1876ರಲ್ಲಿ ಫ್ರಾಯ್ಡ್ ಅವರನ್ನು ಎರಡು ಬಾರಿ ಅಲ್ಲಿಗೆ ಕಳಿಸಿದರು. ಮೀನುಗಾರರು ತಂದುಕೊಟ್ಟ ಮೀನು ಸೀಳುವುದು, ಸೂಕ್ಷ್ಮದರ್ಶಕದಲ್ಲಿ ನೋಡುವುದು, ಬರೆದುಕೊಳ್ಳುವುದು, ಇದೇ ಅವರ ದಿನಚರಿ. ಬೇಸರವಾದಾಗ ಗೆಳೆಯನಿಗೆ ಪತ್ರ ಬರೆದು ಗೊಣಗುತ್ತಿದ್ದರು. ಹೀಗೆ ಸುಮಾರು 400 ಮೀನುಗಳಾದವು.

ಸಿರ್ಸ್ಕಿ ಹೇಳಿದ್ದ ಅಂಗ ಹಲವು ಮೀನುಗಳಲ್ಲಿ ಅವರಿಗೂ ಕಂಡಿತು. ವೀರ್ಯಾಣು ಒಂದರಲ್ಲೂ ಇಲ್ಲ! 1877ರಲ್ಲಿ ಪ್ರಕಟವಾದ ವರದಿಯಲ್ಲಿ ಅವರು ಆ ಅಂಗದ ರಚನೆಯನ್ನು ವಿವರಿಸಿದರು. ಅದು ಬಲಿಯದ ವೃಷಣ ಇರಬಹುದು, ಖಚಿತವಾಗಿ ಹೇಳಲಾಗದು ಎಂಬಲ್ಲಿಗೆ ನಿಲ್ಲಿಸಿದರು.

ಫ್ರಾಯ್ಡ್ ಹಾವುಮೀನಿನ ವೃಷಣ ಕಂಡುಹಿಡಿದರು ಎಂದು ಕೆಲವರು ಬರೆಯುತ್ತಾರೆ. ಅದು ತಪ್ಪು, ಮೊದಲು ಕಂಡವರು ಸಿರ್ಸ್ಕಿ. ಈ ಸೋಲಿನಿಂದಲೇ ಅವರ ಮುಂದಿನ ಲೈಂಗಿಕ ಸಿದ್ಧಾಂತಗಳು ಹುಟ್ಟಿದವು ಎನ್ನುವ ಮಾತೂ ಇದೆ. ಅದು ಕೇಳಲು ಚೆಂದದ ಊಹೆ ಅಷ್ಟೆ, ಪುರಾವೆ ಇಲ್ಲ.

ಮೀನಿನಿಂದ ಮನಸ್ಸಿಗೆ

ಟ್ರಿಯೆಸ್ಟ್‌ನಿಂದ ಮರಳಿದ ಫ್ರಾಯ್ಡ್ ಅರ್ನ್ಸ್ಟ್ ಬ್ರ್ಯೂಕೆ ಎಂಬ ಶರೀರವಿಜ್ಞಾನಿಯ ಪ್ರಯೋಗಾಲಯ ಸೇರಿದರು. ಅಲ್ಲಿಯೂ ಲ್ಯಾಂಪ್ರೆ ಎಂಬ ದವಡೆಯಿಲ್ಲದ ಮೀನಿನ ನರಕೋಶಗಳನ್ನೇ ಅಧ್ಯಯನ ಮಾಡಿದರು. 1881ರಲ್ಲಿ ವೈದ್ಯ ಪದವಿ ಬಂತು. ಪ್ರಯೋಗಾಲಯದ ದುಡಿಮೆಯಲ್ಲಿ ಸಂಸಾರ ಸಾಗುವಂತಿರಲಿಲ್ಲ. ಆಸ್ಪತ್ರೆಗೆ ಸೇರಿ ನರರೋಗ ತಜ್ಞರಾದರು, 1886ರಲ್ಲಿ ಮಾರ್ಥಾ ಬೆರ್ನೈಸ್ ಅವರನ್ನು ಮದುವೆಯಾದರು. ಕನಸುಗಳ ಕುರಿತ ಅವರ ಪುಸ್ತಕ ಹೊರಬಂದದ್ದು 1899ರ ಕೊನೆಯಲ್ಲಿ. 1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ಆಕ್ರಮಿಸಿದ ಮೇಲೆ ಯಹೂದಿಯಾಗಿದ್ದ ಅವರು ಲಂಡನ್ನಿಗೆ ಹೋಗಬೇಕಾಯಿತು. 1939ರ ಸೆಪ್ಟೆಂಬರ್ 23ರಂದು ಅಲ್ಲಿಯೇ ತೀರಿಕೊಂಡರು.

ಅವರಿಗೆ ಏಕೆ ಸಿಗಲಿಲ್ಲ?

ತಪ್ಪು ಫ್ರಾಯ್ಡ್ ಅವರದಲ್ಲ. ಹಾವುಮೀನು ವರ್ಷಗಟ್ಟಲೆ ನದಿ, ಹಿನ್ನೀರುಗಳಲ್ಲಿ ಬೆಳೆಯುತ್ತದೆ. ಆ ಕಾಲದಲ್ಲಿ ಅದರ ಲೈಂಗಿಕ ಅಂಗ ಬಲಿಯುವುದೇ ಇಲ್ಲ. ಬೆಳೆದ ಮೇಲೆ ಮೈಬಣ್ಣ ಬೆಳ್ಳಿಯಾಗುತ್ತದೆ, ಕಣ್ಣು ದೊಡ್ಡದಾಗುತ್ತದೆ, ಊಟ ಬಿಟ್ಟು ಸಾವಿರಾರು ಕಿಲೋಮೀಟರ್ ದೂರದ ಅಟ್ಲಾಂಟಿಕ್ ಕಡಲಿನ ಸರ್ಗಾಸೋ ಭಾಗಕ್ಕೆ ಹೊರಡುತ್ತದೆ. ಅಂಗಗಳು ಪೂರ್ತಿ ಬಲಿಯುವುದು ಈ ಪಯಣದಲ್ಲೇ. 1897ರಲ್ಲಿ ಇಟಲಿಯ ಗ್ರಾಸ್ಸಿ ಅವರಿಗೆ ಮೆಸ್ಸಿನಾ ಜಲಸಂಧಿಯಲ್ಲಿ ಬಲಿತ ಗಂಡು ಸಿಕ್ಕಿತು. ಸಿರ್ಸ್ಕಿ ಹೇಳಿದ್ದು ಸರಿಯಾಗಿತ್ತು. ಮರಿಗಳ ಜಾಡು ಹಿಡಿದ ಡೆನ್ಮಾರ್ಕಿನ ಯೋಹಾನೆಸ್ ಶ್ಮಿಟ್ 1920ರ ದಶಕದಲ್ಲಿ ಸರ್ಗಾಸೋ ಕಡೆಗೆ ಬೆರಳು ತೋರಿಸಿದರು.

ಇನ್ನೊಂದು ಸಂಗತಿಯಿದೆ. ಮರಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದರಲ್ಲಿ ಅದು ಬೆಳೆಯುವ ನೀರಿಗೂ ಪಾತ್ರವಿದೆ. ಮೀನುಗಳು ಕಿಕ್ಕಿರಿದ ಕಡೆ ಗಂಡು ಹೆಚ್ಚು, ವಿರಳವಾಗಿರುವ ಕಡೆ ಹೆಣ್ಣು ಹೆಚ್ಚು. ತೀರಾ ಎಳೆಯ ಮೀನು ಎರಡೂ ಆಗಿರುವುದಿಲ್ಲ.

ಗಾಳ ಹಾಕುವವರಿಗೆ ಇದರಿಂದೇನು?

ಯುರೋಪಿನ ಈಲ್ ಮಟ್ಟಿಗೆ ನಂಬಬಹುದಾದ ಗುರುತು ಒಂದೇ, ಉದ್ದ. ಗಂಡು ಸಾಮಾನ್ಯವಾಗಿ 45 ಸೆಂಟಿಮೀಟರ್ ದಾಟುವುದಿಲ್ಲ. ಅರ್ಧ ಮೀಟರಿಗಿಂತ ಉದ್ದವಿದ್ದರೆ ಅದು ಹೆಣ್ಣು ಎನ್ನಬಹುದು. ಅದಕ್ಕಿಂತ ಚಿಕ್ಕದಾದರೆ ಎರಡೂ ಇರಬಹುದು, ಹೊರಗಿನಿಂದ ಹೇಳಲಾಗದು.

ಈ ಲೆಕ್ಕ ಬರೀ ಕುತೂಹಲದ್ದಲ್ಲ. ಹಾವುಮೀನು ಬದುಕಿನಲ್ಲಿ ಒಂದೇ ಸಲ ಮೊಟ್ಟೆ ಇಟ್ಟು ಸಾಯುತ್ತದೆ. ಹಾಗಾಗಿ ನದಿಯಲ್ಲಿ ಸಿಕ್ಕ ಪ್ರತಿಯೊಂದು ದೊಡ್ಡ ಹಾವುಮೀನೂ ಇನ್ನೂ ಮೊಟ್ಟೆ ಇಡದ ಹೆಣ್ಣೇ. ಈ ಜಾತಿ ಇಂದು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ದೊಡ್ಡ ಮೀನು ಸಿಕ್ಕಿತೆಂದು ಮನೆಗೆ ಒಯ್ದರೆ ಹೋಗುವುದು ಒಂದು ಮೀನಲ್ಲ, ಅದರ ಲಕ್ಷಾಂತರ ಮೊಟ್ಟೆಗಳೂ ಕೂಡ.

ನಾನೂರು ಮೀನು ಸೀಳಿದ ಮೇಲೂ ಫ್ರಾಯ್ಡ್ ತಿಳಿಯದ್ದನ್ನು ತಿಳಿದೆನೆಂದು ಬರೆಯಲಿಲ್ಲ. ಮುಂದಿನ ಸಲ ದಡದಲ್ಲಿ ಯಾರಾದರೂ ಹೊಟ್ಟೆ ನೋಡಿಯೇ ಗಂಡು ಹೆಣ್ಣು ಹೇಳಿದರೆ, ಯಾವ ಮೀನು, ಯಾವ ಕಾಲ ಎಂದು ನಾವು ಮೊದಲು ಕೇಳೋಣ.