ಊಟಿಯ ಮಂಜನ್ನು ಕಾಗದಕ್ಕೆ ಇಳಿಸಿದ ಮೈಸೂರಿನ ವೆಂಕಟಪ್ಪ

ಗುಂಡ್ಲುಪೇಟೆ ದಾಟಿ, ಬಂಡೀಪುರ ಹಾಯ್ದು, ತೆಪ್ಪಕಾಡಿನಲ್ಲಿ ಮಸಿನಗುಡಿಗೋ ಗೂಡಲೂರಿಗೋ ತಿರುಗುವ ನಮ್ಮಂಥವರಿಗೆ ಊಟಿ ಅಂದ್ರೆ ಮೊದಲು ನೆನಪಾಗೋದು ಕ್ಯಾರೆಟ್, ಆಲೂಗಡ್ಡೆ, ಟೀ ಎಲೆಯ ರೇಟು. ಬೆಟ್ಟದಿಂದ ಇಳಿಯುವ ಪ್ರತಿ ಲೋಡಿಗೂ ಒಂದು ಬೆಲೆ ಇದ್ದೇ ಇರುತ್ತದೆ. ಆದರೆ ಇದೇ ಬೆಟ್ಟದಿಂದ ಒಬ್ಬ ಕನ್ನಡಿಗರು ಇಳಿಸಿ ತಂದ ಸರಕೊಂದಿದೆ. ಅದನ್ನು ಮಾರಲು ಅವರು ಬದುಕಿರುವ ತನಕ ಒಪ್ಪಲಿಲ್ಲ. ಅವರೇ ಚಿತ್ರಕಲಾವಿದ ಕೆ. ವೆಂಕಟಪ್ಪ. ಮೈಸೂರು ಕಡೆಯವರಿಗೆ ಹೆಸರು ಗೊತ್ತು. ಊಟಿಗೂ ಅವರಿಗೂ ಇದ್ದ ನಂಟನ್ನು ಮಾತ್ರ ನಮ್ಮ ಗಡಿಯ ಜನ ಅಷ್ಟಾಗಿ ನೆನೆಯುವುದಿಲ್ಲ ಅನ್ನೋದು ನನ್ನ ಕೊರಗು.

ವೆಂಕಟಪ್ಪ ಹುಟ್ಟಿದ್ದು 1886ರಲ್ಲಿ, ಚಿತ್ರ ಬರೆಯುವುದನ್ನೇ ಕುಲಕಸುಬು ಮಾಡಿಕೊಂಡಿದ್ದ ಮನೆತನದಲ್ಲಿ. ಹುಡುಗನ ಕೈಚಳಕ ಅರಮನೆಯ ಕಣ್ಣಿಗೆ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು 1909ರಲ್ಲಿ ಅವರನ್ನು ಕಲ್ಕತ್ತದ ಸರ್ಕಾರಿ ಕಲಾಶಾಲೆಗೆ ಕಳಿಸಿಕೊಟ್ಟರು. ಅಲ್ಲಿ ಗುರು ಅವನೀಂದ್ರನಾಥ ಠಾಕೂರ್, ಜೊತೆಗಾರ ನಂದಲಾಲ್ ಬೋಸ್. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಬರೆದ, 1913ರಲ್ಲಿ ಅಚ್ಚಾದ ಪುರಾಣಕಥೆಗಳ ಪುಸ್ತಕಕ್ಕೆ ಚಿತ್ರ ಬರೆದುಕೊಟ್ಟವರಲ್ಲಿ ವೆಂಕಟಪ್ಪನವರೂ ಒಬ್ಬರು. ಆಗಿನ್ನೂ ಅವರು ವಿದ್ಯಾರ್ಥಿ. ಕಲ್ಕತ್ತದಲ್ಲೇ ನಿಂತಿದ್ದರೆ ದೇಶವೆಲ್ಲ ಹೆಸರಾಗುತ್ತಿತ್ತೇನೋ. ಅವರು 1916ರಲ್ಲಿ ಮೈಸೂರಿಗೆ ವಾಪಸ್ ಬಂದರು.

ಮೈಸೂರಿನ ಒಡೆಯರಿಗೆ ಊಟಿಯಲ್ಲಿ ಫರ್ನ್‌ಹಿಲ್ಸ್ ಅರಮನೆ ಇತ್ತು. ಬೇಸಿಗೆ ಬಂತೆಂದರೆ ಆಸ್ಥಾನವೇ ಬೆಟ್ಟ ಹತ್ತುತ್ತಿದ್ದ ಕಾಲ ಅದು. ಆ ಬೆಟ್ಟ ವೆಂಕಟಪ್ಪನವರ ಕುಂಚಕ್ಕೂ ಸಿಕ್ಕಿತು. 1920ರ ದಶಕದಲ್ಲಿ ಅವರು ಊಟಿಯ ನೋಟಗಳನ್ನು ನೀರುಬಣ್ಣದಲ್ಲಿ ಬರೆದರು. ಕೊಡೈಕನಾಲ್ ಚಿತ್ರಗಳೂ ಇವೆ. ಬಂಗಾಳದ ಗೆಳೆಯರು ಹೆಚ್ಚಾಗಿ ಪುರಾಣ, ಇತಿಹಾಸದ ಕಥೆ ಹಿಡಿದು ಬರೆಯುತ್ತಿದ್ದಾಗ ಇವರು ಕಣ್ಣೆದುರಿನ ಬೆಟ್ಟವನ್ನು ಇದ್ದ ಹಾಗೆ ಹಿಡಿಯಲು ಕೂತರು.

ಬೆಟ್ಟವನ್ನು ಹಿಡಿಯುವುದು ಎಷ್ಟು ಕಷ್ಟ ಅನ್ನೋದು ನಿಮಗೆ ಗೊತ್ತು. ದೊಡ್ಡಬೆಟ್ಟದ ಕಡೆ ಈಗ ಬಿಸಿಲು, ಬೀಡಿ ಹಚ್ಚುವಷ್ಟರಲ್ಲಿ ಮಂಜು. ಇದಕ್ಕೆ ಚಿತ್ರಕಾರರು ಕಂಡುಕೊಂಡ ದಾರಿ ಬೇರೆ ಬೇರೆ. ವೆಂಕಟಪ್ಪನವರಿಗಿಂತ ಸುಮಾರು ಐವತ್ತು ವರ್ಷ ಮೊದಲು, 1874ರಲ್ಲಿ, ಎಡ್ವರ್ಡ್ ಲಿಯರ್ ಎಂಬ ಇಂಗ್ಲಿಷ್ ಚಿತ್ರಕಾರ ಕುನ್ನೂರು, ಊಟಿಗೆ ಬಂದಿದ್ದ. ಮಕ್ಕಳ ನಗೆಪದ್ಯಗಳಿಂದ ಹೆಸರಾದವನೂ ಅವನೇ. ಅವನು ಬಯಲಲ್ಲಿ ನಿಂತು ಪೆನ್ಸಿಲ್‌ನಲ್ಲಿ ಬೇಗ ಬೇಗ ಗೀಚುತ್ತಿದ್ದ. ಎಲ್ಲಿ ಯಾವ ಬಣ್ಣ ಅನ್ನೋದನ್ನು ಹಾಳೆಯ ಮೇಲೆ ಅಕ್ಷರದಲ್ಲೇ ಗುರುತು ಹಾಕಿಕೊಂಡು, ತಾರೀಖು, ಗಂಟೆ ಕೂಡ ಬರೆದಿಡುತ್ತಿದ್ದ. ಆಮೇಲೆ ನಿಧಾನವಾಗಿ ಅದರ ಮೇಲೆ ಶಾಯಿಯ ಗೆರೆ, ಅದರ ಮೇಲೆ ತೆಳುಬಣ್ಣ. ಊರಿಗೆ ಹೋದ ಮೇಲೆ ಗಿರಾಕಿ ಕೇಳಿದ ಅಳತೆಗೆ ದೊಡ್ಡ ಚಿತ್ರ. ವ್ಯಾಪಾರಿಗಳಿಗೆ ಒಪ್ಪುವ ಪದ್ಧತಿ ಅನ್ನಿ: ಬೆಟ್ಟದಲ್ಲಿ ಮಾದರಿ, ಮನೆಯಲ್ಲಿ ತಯಾರಿ.

ವೆಂಕಟಪ್ಪನವರು ಕಲ್ಕತ್ತದಲ್ಲಿ ಕಲಿತು ಬಂದ ವಿದ್ಯೆ ಇನ್ನೂ ನಿಧಾನದ್ದು. ಅದಕ್ಕೆ ವಾಷ್ ಪದ್ಧತಿ ಅಂತ ಹೆಸರು. 1903ರಲ್ಲಿ ಜಪಾನಿನ ಇಬ್ಬರು ಕಲಾವಿದರು ಕಲ್ಕತ್ತಕ್ಕೆ ಬಂದಾಗ ಅವರ ಕೆಲಸ ನೋಡಿ ಅವನೀಂದ್ರನಾಥರು ರೂಪಿಸಿಕೊಂಡದ್ದು. ಮೊದಲು ಹಾಳೆಯ ಮೇಲೆ ರೇಖೆ, ಅದರ ಮೇಲೆ ತೆಳುವಾಗಿ ನೀರುಬಣ್ಣ. ಒಣಗಿದ ಮೇಲೆ ಇಡೀ ಹಾಳೆಯನ್ನೇ ನೀರಿನಲ್ಲಿ ಅದ್ದುತ್ತಾರೆ. ಮೇಲೆ ಕೂತ ಬಣ್ಣ ತೊಳೆದುಹೋಗುತ್ತದೆ, ಕಾಗದ ಕುಡಿದದ್ದು ಮಾತ್ರ ಉಳಿಯುತ್ತದೆ. ಮತ್ತೆ ಒಣಗಿಸಬೇಕು, ಮತ್ತೆ ಬಣ್ಣ, ಮತ್ತೆ ನೀರು. ಹೀಗೆ ಪದರದ ಮೇಲೆ ಪದರ ಕೂಡಿದಾಗ ಬಣ್ಣಕ್ಕೊಂದು ಮಬ್ಬು ಬರುತ್ತದೆ. ಊಟಿಯ ಮುಂಜಾನೆ ಕಂಡವರಿಗೆ ಆ ಮಬ್ಬು ಹೊಸದಲ್ಲ.

ಈಗ ಯೋಚಿಸಿ ನೋಡಿ. ಹಾಳೆ ಒಣಗುವ ತನಕ ಬೆಳದಿಂಗಳು ಕಾಯುತ್ತದೆಯೇ? ಮುಂಗಾರು ಮೋಡ ಒಡೆದು ಬೆಳಕು ಇಣುಕುವ ಗಳಿಗೆ ನಿಲ್ಲುತ್ತದೆಯೇ? ವೆಂಕಟಪ್ಪನವರು ಬರೆದದ್ದು ಇಂಥ ಗಳಿಗೆಗಳನ್ನೇ. ಬೆಳದಿಂಗಳಲ್ಲಿ ಮಲಗಿದ ಊಟಿಯೂ ಅವರ ಚಿತ್ರಗಳಲ್ಲಿದೆ. ನನ್ನ ಲೆಕ್ಕ ಇಷ್ಟೇ: ಬೆಟ್ಟದಲ್ಲಿ ಕಂಡದ್ದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳದೆ, ಮತ್ತೆ ಮತ್ತೆ ನೋಡಿ ತಾಳೆ ಹಾಕದೆ ಇಂಥ ಚಿತ್ರ ಮುಗಿಯುವ ಮಾತಲ್ಲ. ಅರಮನೆಯ ಪದ್ಧತಿಯಲ್ಲಿ ಪಳಗಿದ ಕೈ ಅವರದು, ಆನೆದಂತದ ತುಂಡಿನ ಮೇಲೆ ಮುಖಚಿತ್ರ ಬರೆದವರು. ಆ ಸೂಕ್ಷ್ಮವೂ ಈ ಮಬ್ಬೂ ಸೇರಿದ್ದರಿಂದಲೇ ಅವರ ಬೆಟ್ಟಕ್ಕೆ ಬೇರೆಯದೇ ಜೀವ.

ಹಿಡಿದ ಕೆಲಸಕ್ಕೆ ಪೂರ್ತಿ ಒಪ್ಪಿಸಿಕೊಳ್ಳುವುದು ಅವರ ಸ್ವಭಾವ. ವೀಣೆಯ ಹುಚ್ಚು ಹತ್ತಿದಾಗ ವೀಣೆ ಶೇಷಣ್ಣನವರ ಶಿಷ್ಯರಾದರು, ಆ ಹುಚ್ಚಿನ ಮೇಲೇ ಒಂದು ಚಿತ್ರ ಬರೆದರು. ಮದುವೆ ಆಗಲಿಲ್ಲ. ಮೈಸೂರು ಅರಮನೆಗಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳನ್ನೂ ಮಾಡಿದರು. ಜನ ಅವರನ್ನು ವರ್ಣಶಿಲ್ಪಿ ಅಂತ ಕರೆದದ್ದು ಸುಮ್ಮನೆ ಅಲ್ಲ.

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಆಮೇಲೆ ಅರಮನೆಯ ಕೆಲಸದ ವಿಚಾರವಾಗಿ ತಕರಾರು ಎದ್ದಿತು. ವೆಂಕಟಪ್ಪ ಮೈಸೂರು ಬಿಟ್ಟು ಬೆಂಗಳೂರು ಸೇರಿದರು. ಆಶ್ರಯ ತಪ್ಪಿದ ಕಲಾವಿದನ ಕೈಯಲ್ಲಿ ಹತ್ತಾರು ಚಿತ್ರ ಇದ್ದರೆ ಬೇರೆಯವರು ಏನು ಮಾಡುತ್ತಿದ್ದರು? ಒಂದೊಂದಾಗಿ ಕೊಟ್ಟು ಬದುಕುತ್ತಿದ್ದರು. ಅದು ತಪ್ಪೂ ಅಲ್ಲ. ಲಿಯರ್ ಬದುಕಿದ್ದೇ ಹಾಗೆ. ವೆಂಕಟಪ್ಪ ಮಾತ್ರ ಹಾಗೆ ಮಾಡಲಿಲ್ಲ. ಚಿತ್ರಗಳು ಮನೆಮನೆಗೆ ಚದುರಿಹೋಗಬಾರದು, ಒಂದೇ ಕಡೆ ಇರಬೇಕು, ಜನ ನೋಡಬೇಕು ಅನ್ನೋದು ಅವರ ಹಟ. ಬೆಲೆ ಬಂದಿದ್ದರೂ ಬಿತ್ತನೆ ಬೀಜವನ್ನು ಮಾರದೆ ಮುಡಿಯಲ್ಲಿ ಇಟ್ಟ ರೈತನ ಹಟ ಅದು.

1965ರಲ್ಲಿ ಅವರು ತೀರಿಕೊಂಡರು. ಹಟ ಗೆದ್ದಿತು. 1970ರ ದಶಕದಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಮಗ್ಗುಲಿಗೆ, ಅವರ ಹೆಸರಿನಲ್ಲೇ ವೆಂಕಟಪ್ಪ ಚಿತ್ರಶಾಲೆ ಎದ್ದಿತು. ಅವರ ಕೃತಿಗಳು ಅಲ್ಲಿಗೆ ಸೇರಿದವು. ಕರ್ನಾಟಕ ಸರ್ಕಾರ ಕಲಾವಿದರಿಗಾಗಿ ವರ್ಣಶಿಲ್ಪಿ ವೆಂಕಟಪ್ಪ ಪ್ರಶಸ್ತಿಯನ್ನೂ ಸ್ಥಾಪಿಸಿತು.

1956ರಲ್ಲಿ ಭಾಷೆಯ ಲೆಕ್ಕದಲ್ಲಿ ರಾಜ್ಯಗಳ ಗಡಿ ಎಳೆದಾಗ ನೀಲಗಿರಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಬೆಟ್ಟದ ಮೇಲೆ ತಮಿಳೂ ಇದೆ, ಕನ್ನಡವೂ ಇದೆ, ಬಡಗರ ಮಾತೂ ಇದೆ. ನಾವು ಮೂರಕ್ಕೂ ತಲೆ ಆಡಿಸಿ ವ್ಯಾಪಾರ ಮಾಡುವವರು. ಆ ಬೆಟ್ಟದ ಬೆಳದಿಂಗಳು ಮಾತ್ರ ಒಬ್ಬ ಮೈಸೂರಿನವರ ಕೈಯಿಂದ ಬೆಂಗಳೂರಿಗೆ ಬಂದು, ಯಾರ ಸ್ವಂತಕ್ಕೂ ಹೋಗದೆ ಎಲ್ಲರ ಆಸ್ತಿಯಾಗಿದೆ. ಮಕ್ಕಳನ್ನು ಬೆಂಗಳೂರಿಗೆ ಕರೆದುಕೊಂಡು ಹೋದಾಗ ಈ ವೆಂಕಟಪ್ಪನವರ ಹೆಸರು ಹೇಳಿ. ನಮ್ಮ ಬೆಟ್ಟವನ್ನು ಇವರು ಎಷ್ಟು ಹೊತ್ತು ನೋಡಿರಬೇಕು ಅನ್ನೋದು ಅವರಿಗೂ ತಿಳಿಯಲಿ.